ಚೀಟಿ ಮುಗಿಯುವ ತನಕ

ಶರಣು ಶರಣಾರ್ಥಿ.

ವೇದಿಕೆಯ ಮೇಲಿರುವ ಹಿರಿಯರಿಗೆ, ನಮ್ಮ ಕೌದಿ ಕೇಂದ್ರದ ಕಾರ್ಯದರ್ಶಿ ಬಸವಂತರಾಯರಿಗೆ, ನಮ್ಮ ಕೌದಿಗಳನ್ನು ಮಾರುವ ಪುಣೆಯ ಅಂಗಡಿಯ ಒಡತಿ ಮಂಜರಿ ತಾಯಿಯವರಿಗೆ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯಿಂದ ಬಸ್ಸು ಹತ್ತಿ ಬಂದಿರುವ ನನ್ನ ಹೊಲಿಗೆಯ ಅಕ್ಕತಂಗಿಯರಿಗೆ — ಮತ್ತು ಮೊದಲು ಹೇಳಬೇಕಾದವರನ್ನು ಕಡೆಗೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬಾರದು — ಎದುರು ಸಾಲಿನಲ್ಲಿ ಕೂತಿರುವ ಮಗ ಗುರುಶಾಂತಣ್ಣನಿಗೆ, ಸೊಸೆ ಬಸವೇಶ್ವರಿ ಅಕ್ಕನಿಗೆ, ಮೊಮ್ಮಗಳು ಸೃಷ್ಟಿಗೆ. ನಿಮ್ಮ ದುಃಖದಲ್ಲಿ ನಮ್ಮದೂ ಪಾಲಿದೆ. ನಿಮ್ಮ ಪಾಲಿಗಿಂತ ಸಣ್ಣದು. ಆದರೆ ಇದೆ.

ನಾನು ಶಿವಕಾಂತಾ. ಜೇವರ್ಗಿಯವಳು. ಕೇಂದ್ರದಲ್ಲಿ ಕೌದಿ ಹೊಲಿಯುತ್ತೇನೆ, ಪುಣೆಯಿಂದ ಫೋನು ಬಂದರೆ ಮಾತಾಡುತ್ತೇನೆ. ನನ್ನ ಕೈ ಅಷ್ಟಕ್ಕಷ್ಟೆ, ಬಾಯಿ ಜೋರು. ಇದು ನಾನು ಹೇಳುವ ಮಾತಲ್ಲ, ತೀರಿಕೊಂಡವರೇ ಹೇಳುತ್ತಿದ್ದ ಮಾತು. "ನಿನ್ನ ನಾಲಿಗಿಗಿ ಸೂಜಿ ಪೋಣಿಸಿದ್ರ ದಿನಕ್ಕೊಂದು ಕೌದಿ ಆಗ್ತದ ನೋಡಬೇ" ಅನ್ನುತ್ತಿದ್ದರು. ನಗಬಹುದು, ನಗಬಹುದು. ಅವರಿಗೂ ಇಂಥ ಕಡೆಯಲ್ಲೇ ನಗು ಬರುತ್ತಿತ್ತು. ಮಣ್ಣಿಗೆ ಹೋದಲ್ಲೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಿಲ್ಲುತ್ತಿದ್ದರು. ಇವರು ಅಳುತ್ತಿದ್ದಾರೆ ಎಂದು ಜನ ತಿಳಿಯುತ್ತಿದ್ದರು.

ಬೆಳಿಗ್ಗೆ ಬಸವಂತರಾಯರು ನನ್ನನ್ನು ಪಕ್ಕಕ್ಕೆ ಕರೆದರು. "ನಾಕ ಛಲೋ ಮಾತ ಹೇಳು. ಕಣ್ಣಾಗ ನೀರ ಬರೂವಂಗ ಹೇಳು. ಮುಗದ ಮ್ಯಾಲ ಕೆಳಗ ಇಳಿಬ್ಯಾಡ, ಅಲ್ಲೇ ನಿಂದ್ರು" ಅಂದರು. ಯಾಕೆ ಇಳಿಯಬಾರದು ಎಂದರೆ — ಆ ಮೇಜಿನ ಮೇಲೆ ಒಂದು ಶಾಲು ಕಾಣುತ್ತಿದೆಯಲ್ಲ, ಅದು ನನಗೆ. ಮೌನಾಚರಣೆ ಮುಗಿದ ಮೇಲೆ ಅದನ್ನು ನನಗೆ ಹೊದಿಸುತ್ತಾರೆ. ಹೊದಿಸಿ, ಈಕೆ ಕಸ್ತೂರಿಬಾಯಿಯವರ ಸೊಸೆಯ ಸಮಾನ, ಇನ್ನು ಮುಂದೆ ಇವಳೇ ಚಿಕ್ಕ ಕಸ್ತೂರಿಬಾಯಿ ಎಂದು ಸಾರುತ್ತಾರೆ. ಕೌದಿಯ ಮೂಲೆಗೆ ಹಚ್ಚಲು ನನ್ನ ಫೋಟೋ ಇರುವ ಹೊಸ ಚೀಟಿಗಳು ಆಗಲೇ ಅಚ್ಚಿಗೆ ಹೋಗಿವೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಬೇಡ ಎನ್ನುವ ಧೈರ್ಯ ನನಗಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಅದು ಹಾಗಿರಲಿ. ಈಗ ಎಲ್ಲರೂ ನನ್ನ ಹಿಂದಿರುವ ಬ್ಯಾನರು ನೋಡಿ. — ನೋಡಿದಿರಾ? ಫೋಟೋ ಅವರದೇ. ಮೂಗುಬಟ್ಟು ಅವರದು, ಹಣೆಯ ವಿಭೂತಿ ಅವರದು, ಆ ಓರೆನಗೆಯೂ ಅವರದೇ. ಫೋಟೋದ ಕೆಳಗೆ ದೊಡ್ಡ ಅಕ್ಷರದಲ್ಲಿ "ಕಸ್ತೂರಿಬಾಯಿ" ಎಂದು ಬರೆದಿದೆ.

ಆ ಹೆಸರು ಅವರದಲ್ಲ.

ಅವರ ಹೆಸರು ಹೀರಾಬಾಯಿ. ಅಫಜಲಪುರದ ಹೀರಾಬಾಯಿ.

ರಾಯರೇ, ನೀವು ಕೂತಿರಿ. ಮೈಕಿನ ಅಣ್ಣನಿಗೆ ಸನ್ನೆ ಮಾಡಬೇಡಿ. ಮೈಕು ಬಂದ್ ಆದರೂ ನನ್ನ ದನಿ ಹಿಂದಿನ ಬಾಗಿಲ ತನಕ ಹೋಗುತ್ತದೆ, ನಿಮಗೆ ಗೊತ್ತು. — ಮತ್ತೆ ನಾನೇನು ಗುಟ್ಟು ಹೇಳುತ್ತಿದ್ದೇನೆಯೇ? ಈ ಸಭೆಯಲ್ಲಿ ಇದು ಗೊತ್ತಿಲ್ಲದವರು ಎಷ್ಟು ಮಂದಿ? ಓಣಿಗೆ ಗೊತ್ತು, ಬಸ್ ಸ್ಟ್ಯಾಂಡಿಗೆ ಗೊತ್ತು, ಹಿಟ್ಟಿನ ಗಿರಣಿಗೆ ಗೊತ್ತು. ಗೊತ್ತಿಲ್ಲದವರು ಒಬ್ಬರೇ. ಮಂಜರಿ ತಾಯಿ, ನೀವು. ಸೊಲ್ಲಾಪುರ ನಿಮ್ಮ ತವರು, ಕನ್ನಡ ಪೂರಾ ಅರ್ಥವಾಗುತ್ತದೆ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಸಿಟ್ಟು ಬಂದರೆ ಆಮೇಲೆ ಬೈಯಿರಿ. ಈಗ ಕೇಳಿ.

ಇವತ್ತು ನಾವೆಲ್ಲ ಎದ್ದು ನಿಂತು ಕಸ್ತೂರಿಬಾಯಿಯ ಹೆಸರಿನಲ್ಲಿ ತಲೆ ತಗ್ಗಿಸಿದೆವು ಎನ್ನಿ. ಹೀರಾಬಾಯಿ ಎಂಬ ಹೆಣ್ಣುಮಗಳು ಸತ್ತದ್ದಕ್ಕೂ ಸಾಕ್ಷಿ ಇಲ್ಲ, ಬದುಕಿದ್ದಕ್ಕೂ ಸಾಕ್ಷಿ ಇಲ್ಲ. ಅಷ್ಟೇ ನನ್ನ ಸಂಕಟ. ಬೇರೆ ಏನೂ ಇಲ್ಲ.

ಕೌದಿ ಅಂದರೆ ನಿಮಗೆ ಹೇಳಬೇಕಿಲ್ಲ. ಹಳೇ ಸೀರೆ, ಹಳೇ ಧೋತರ, ಕೂಸಿನ ಕುಂಚಿಗೆ, ಯಾವುದನ್ನೂ ಒಗೆಯುವ ಹಾಗಿಲ್ಲ. ಪದರದ ಮೇಲೆ ಪದರ ಹಾಸಿ, ತುಂಡಿಗೆ ತುಂಡು ಸೇರಿಸಿ, ಅಂಚಿನಿಂದ ಸುರು ಮಾಡಿ ಒಳಗೆ ಒಳಗೆ ಹೊಲಿಯುತ್ತ ಹೋಗುವುದು. ಹೀರಾಬಾಯಿಯ ಹೊಲಿಗೆ — ಹತ್ತಿರ ಕೂತವರಿಗೆ ಗೊತ್ತು — ಇಷ್ಟು, ಇಷ್ಟೇ. ಜೋಳದ ಕಾಳಿನಷ್ಟು. ಒಂದು ಕಾಳು, ಒಂದು ಸಂದು, ಒಂದು ಕಾಳು, ಒಂದು ಸಂದು. ಅವರ ಗೆಳತಿ, ಆ ಹೆಸರಿನ ನಿಜವಾದ ಒಡತಿ ಕಸ್ತೂರಿಬಾಯಿಯ ಹೊಲಿಗೆ ಹಾಗಲ್ಲ, ಉದ್ದ. ಬೆರಳಿನ ಗೆಣ್ಣಿನಷ್ಟು ಉದ್ದ, ಬೀಸು ಕೈ. ಎರಡೂ ಚೆಂದ. ಆದರೆ ಎರಡೂ ಬೇರೆ. ಇಬ್ಬರೂ ಎದುರು ಬದರು ಕೂತು ಒಂದೇ ಕೌದಿ ಹೊಲಿದರೆ, ಮಧ್ಯದಲ್ಲಿ ಕೂಡುವಾಗ ಜಗಳ. "ಹೀರಾ, ನಿನ್ನ ಕಾಳ ಎಣಿಸ್ಕೋತ ಕುಂತ್ರ ನನ್ನ ಮೊಮ್ಮಕ್ಕಳಿಗಿ ಮಕ್ಕಳಾಗ್ತಾವ" ಎಂದು ಕಸ್ತೂರಿಬಾಯಿ. "ನಿನ್ನ ಹೊಲಿಗ್ಯಾಗ ಬೆರಳ ಸಿಕ್ಕೊಂಡು ಗಂಡ ಬೀಳ್ತಾನ, ಹುಷಾರು" ಎಂದು ಇವರು.

ಆಗ ಕೇಂದ್ರವೆಂದರೆ ಒಂದು ಕೋಣೆ. ಕಲಬುರಗಿಯ ಒಂದು ಪ್ರದರ್ಶನದಲ್ಲಿ ಪುಣೆಯ ಅಂಗಡಿಯ ಕಡೆಯವರೊಬ್ಬರು ಕಸ್ತೂರಿಬಾಯಿಯ ಕೌದಿ ನೋಡಿ ಮೆಚ್ಚಿದರು. ಹೆಸರು ಕೇಳಿಕೊಂಡು ಹೋದರು. ಕೆಲವು ತಿಂಗಳ ಮೇಲೆ ಬಸ್ಸಿನಲ್ಲಿ ಒಂದು ಚೀಲ ಬಂತು. ಚೀಲದ ತುಂಬ ಚೀಟಿ. ಕಾಗದದ ಚೀಟಿಯಲ್ಲ, ಬಟ್ಟೆಯ ಚೀಟಿ. ಸೆರಗು ಹೊದ್ದ ಒಬ್ಬ ಮುದುಕಿಯ ಚಿತ್ರ — ಅದು ಕಸ್ತೂರಿಬಾಯಿಯ ಹಾಗೂ ಇರಲಿಲ್ಲ, ಯಾರ ಹಾಗೂ ಇರಲಿಲ್ಲ — ಅದರ ಕೆಳಗೆ "ಕಸ್ತೂರಿಬಾಯಿಯ ಕೈಹೊಲಿಗೆ" ಎಂಬ ಅಕ್ಷರ. ಒಂದೊಂದು ಕೌದಿಯ ಮೂಲೆಗೆ ಒಂದೊಂದು ಹಚ್ಚಿ ಕಳಿಸಿರಿ ಎಂದು ಅಪ್ಪಣೆ.

ಚೀಲ ಬರುವ ಹೊತ್ತಿಗೆ ಕಸ್ತೂರಿಬಾಯಿ ಇಲ್ಲಿರಲಿಲ್ಲ. ಕಣ್ಣಿನ ಆಪರೇಷನ್ ಕೆಟ್ಟು ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಂಜು. ಖಜೂರಿ ಊರಿಗೆ ಕೊಟ್ಟಿದ್ದ ಮಗಳು ಬಂದು ಕರೆದುಕೊಂಡು ಹೋಗಿದ್ದಳು.

ಈಗ ಚೀಟಿ ಏನು ಮಾಡುವುದು? ಬೇರೆ ಊರಿನವರಾಗಿದ್ದರೆ ತಿಪ್ಪೆಗೆ ಸುರಿದು ಹೊಸದು ತರಿಸುತ್ತಿದ್ದರು. ನಮ್ಮ ಹೆಂಗಸರು ಚಿಂದಿ ಬಟ್ಟೆ ಒಗೆಯುವವರೇ? ಅಂಗುಲದ ಅಂಚು ಸಿಕ್ಕರೂ ಡಬ್ಬಿಯಲ್ಲಿಡುವವರು! ಒಂದು ಚೀಲ ಹೊಸ ಬಟ್ಟೆ, ಅದರ ಮೇಲೆ ಬದುಕಿರುವ ಮುತ್ತೈದೆಯ ಹೆಸರು — ಸುಡಲಿಕ್ಕಾಗುತ್ತದೆಯೇ, ನೆಲ ಒರೆಸಲಿಕ್ಕಾಗುತ್ತದೆಯೇ? ಖಜೂರಿಗೆ ಹೇಳಿ ಕಳಿಸಿದರು. ಕಸ್ತೂರಿಬಾಯಿಯೇ ಉತ್ತರ ಕೊಟ್ಟರು: "ಚೀಟಿ ಮುಗಿಯೂ ತನಕ ಹಚ್ರಿ. ಮುಂದ ನಿಮ್ ನಿಮ್ ಹೆಸರು ಬರಸ್ಕೋರಿ. ಹಾಳ ಯಾಕ ಮಾಡ್ತೀರಿ?"

ಚೀಟಿ ಮುಗಿಯುವ ತನಕ. ಅಷ್ಟೇ ಮಾತು. ಆಗ ಕೇಂದ್ರದಲ್ಲಿ ಒಳ್ಳೆಯ ಕೈ ಎಂದರೆ ಹೀರಾಬಾಯಿಯದು. ಚೀಟಿಯ ಹೆಸರಿಗೆ ಹೊಂದಲಿ ಎಂದು ಅವರು ತಮ್ಮ ಹೊಲಿಗೆಯನ್ನೇ ಉದ್ದ ಮಾಡಿದರು. ಜೋಳದ ಕಾಳು ಬಿಟ್ಟು ಬೆರಳ ಗೆಣ್ಣು ಹಿಡಿದರು. "ನಾಕ ದಿನದ ಮಾತ, ಬೇರೆಯವರ ಚಪ್ಪಲಿ ಹಾಕ್ಕೊಂಡು ಹಿತ್ತಲಕ ಹೋಗಿ ಬಂದಂಗ" ಎಂದರಂತೆ.

ಆ ಹಿತ್ತಲಿನಿಂದ ಅವರು ತಿರುಗಿ ಬರಲೇ ಇಲ್ಲ ನೋಡಿ.

ಯಾಕೆಂದರೆ ಚೀಲ ಅರ್ಧ ಮುಗಿದಿರಲಿಲ್ಲ, ಮಂಜರಿ ತಾಯಿ, ನೀವು ಬಂದಿರಿ. ಹೇಳದೆ ಕೇಳದೆ ಬಂದಿರಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ನೋಡಿ, "ಕಸ್ತೂರಿಬಾಯಿ ಯಾರ್ರಿ?" ಎಂದಿರಿ. ಆಗ ಹೀರಾಬಾಯಿ ಒಂದು ಕೌದಿಯ ಮೂಲೆಗೆ ಚೀಟಿ ಹಚ್ಚುತ್ತ ಕೂತಿದ್ದರು, ತಲೆ ಎತ್ತಿ ನೋಡಿದರು. ಅವರು ಬಾಯಿ ತೆರೆಯುವುದಕ್ಕಿಂತ ಮೊದಲೇ ನೀವು ಹೋಗಿ ಅವರ ಕಾಲಿಗೆ ಬಿದ್ದಿರಿ.

ಕಾಲಿಗೆ ಬಿದ್ದವರನ್ನು ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೆ? ಕೈ ತಾನಾಗಿ ತಲೆಯ ಮೇಲೆ ಹೋಗುತ್ತದೆ. "ನೂರ್ಕಾಲ ಬಾಳಬೇ" ಎನ್ನುತ್ತದೆ ಬಾಯಿ. ಹೆಸರು ಯಾರದು, ಊರು ಯಾವುದು ಎಂಬುದೆಲ್ಲ ಆಮೇಲೆ. ಹೀರಾಬಾಯಿ ನನಗೆ ಇದನ್ನು ಎಷ್ಟು ಸಲ ಹೇಳಿದ್ದಾರೋ. "ಆಶೀರ್ವಾದ ಮಾಡಿದ್ನೆಬೇ ಶಿವಕಾಂತಾ. ಮಾಡಿದ ಮ್ಯಾಲ, ನಾ ಆಕಿ ಅಲ್ಲ ತಂಗಿ, ತಿರಗಿ ಕೊಡು ಅನ್ನಲಿ? ಕೊಟ್ಟ ಆಶೀರ್ವಾದ ಕಸ್ಕೊಂಡ್ರ ಆ ಹುಡುಗಿಗಿ ಕೇಡು."

ನೀವು ಫೋಟೋ ತೆಗೆದಿರಿ. ಮುಂದಿನ ಚೀಲದ ಚೀಟಿಯಲ್ಲಿ ಯಾರೋ ಮುದುಕಿಯ ಚಿತ್ರ ಹೋಗಿ ಹೀರಾಬಾಯಿಯ ಮುಖ ಬಂತು, ಹೆಸರು ಕಸ್ತೂರಿಬಾಯಿಯದೇ ಉಳಿಯಿತು. ಹಳೆಯ ಚೀಲ ಮುಗಿಯುವ ಮೊದಲೇ ಹೊಸ ಚೀಲ. ಅದು ಮುಗಿಯುವ ಮೊದಲು ಇನ್ನೊಂದು. ಚೀಟಿ ಮುಗಿಯಲೇ ಇಲ್ಲ. ಕೌದಿಗೆ ಬೇಕಾದ ಹಳೆಯ ಸೀರೆಗಳೇ ಮೊದಲು ಮುಗಿದವು! ಹೌದು, ಅದನ್ನೂ ಹೇಳಿಬಿಡುತ್ತೇನೆ. ಈಗ ನಾವು ಹೊಸ ಸೀರೆ ತಂದು, ಸೋಡಾ ಹಾಕಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿ ಹಳೆಯದು ಮಾಡುತ್ತೇವೆ. ಹೀರಾಬಾಯಿ ಬಟ್ಟೆ ಬಡಿಯುತ್ತ, "ಈ ಸೀರಿಗೂ ನನ್ನಂಗೇ ಆತು. ತನ್ನದಲ್ಲದ ಮುಪ್ಪು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಆಮೇಲೆ ಸನ್ಮಾನಗಳು ಸುರುವಾದವು. ಅಲ್ಲೊಂದು ಸಂಘ, ಇಲ್ಲೊಂದು ಸಂಸ್ಥೆ. ಕಸ್ತೂರಿಬಾಯಿಯವರು ವೇದಿಕೆಗೆ ಬರಬೇಕು ಎಂದು ಕೂಗಿದರೆ ಹೀರಾಬಾಯಿ ಎದ್ದು ಹೋಗಬೇಕು. ಗುರುಶಾಂತಣ್ಣ ಕೆಳಗೆ ಕೂತು, ತಾಯಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಕೈ ಮಡಿಲಲ್ಲಿಟ್ಟುಕೊಂಡು ಅತ್ತಿತ್ತ ನೋಡಿದ್ದನ್ನು ನಾನೇ ಕಂಡಿದ್ದೇನೆ. ಅವರ ಮನೆಯ ಪಡಸಾಲೆಯಲ್ಲಿ ಗೋಡೆಯ ತುಂಬ ಫಲಕ. ಎಲ್ಲದರ ಮೇಲೂ ಬೇರೆ ಹೆಂಗಸಿನ ಹೆಸರು. ಸೃಷ್ಟಿ ಸಣ್ಣವಳಿದ್ದಾಗ ಅಕ್ಷರ ಕಲಿತಿದ್ದೇ ತಡ, ಒಂದೊಂದನ್ನೇ ಕೂಡಿಸಿ ಓದಿದಳಂತೆ. "ಅಜ್ಜಿ, ಇವು ನಿಂವೇನು?" "ನಂವೇ." "ಮತ್ತ ಹೆಸರ?" "ಹೆಸರ ಉದ್ರಿ ತಂದೀನವ್ವ" ಅಂದರಂತೆ ಅಜ್ಜಿ. ಅಲ್ಲೇನು ಸೃಷ್ಟಿ? — ನೋಡಿ, ತಲೆ ಆಡಿಸುತ್ತಿದ್ದಾಳೆ.

ಬಸವಂತರಾಯರನ್ನು ನಾನು ಬೈಯುವುದಿಲ್ಲ. ಅವರ ಉದ್ದೇಶ ಕೆಟ್ಟದಾಗಿರಲಿಲ್ಲ. ಒಂದು ಕೋಣೆಯ ಕೇಂದ್ರ ಅವರಿಂದ ಇಷ್ಟು ದೊಡ್ಡದಾಗಿದೆ. ಇಷ್ಟು ಮಂದಿಯ ಒಲೆ ಉರಿಯುತ್ತದೆ. ಹೀರಾಬಾಯಿ ಒಂದೆರಡು ಸಲ ಅವರ ಹತ್ತಿರ ಹೋಗಿ, "ರಾಯರೇ, ನನಗ ಸಾಕಾಗೇದ್ರಿ, ಖರೇ ಹೇಳಿಬಿಡೂಣು" ಎಂದದ್ದುಂಟು. ಅವರು ಗದರಲಿಲ್ಲ, ಹೆದರಿಸಲಿಲ್ಲ. "ಈ ಒಂದು ಆರ್ಡರ್ ಮುಗೀಲಿ ಅವ್ವಾ" ಎಂದರು. ಒಳ್ಳೆಯ ಮಾತಿನಲ್ಲಿ ಕಟ್ಟಿಹಾಕಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಬಿಸಿತುಪ್ಪದ ಗತಿ — ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಒಂದೇ ಒಂದು ಕಡೆ ಅವರಿಗೆ ಉಸಿರಾಡಲು ಜಾಗವಿತ್ತು. ಅದನ್ನು ಹೇಳಲೇಬೇಕು.

ಆಳಂದದಲ್ಲಿ ಪುಸ್ತಕ ಕಟ್ಟುವ ಅರ್ಫಾತ ಭಾಯಿ ಇದ್ದಾರಲ್ಲ — ಅಗೋ ಅಲ್ಲಿ ನಿಂತಿದ್ದಾರೆ — ಅವರ ತಾಯಿಯ ಕುರಾನಿಗೆ ಸುತ್ತುವ ಜುಜ್ದಾನ ಹರಿದಿತ್ತು. ಜುಜ್ದಾನ ಎಂದರೆ ಪುಸ್ತಕಕ್ಕೆ ತೊಡಿಸುವ ಬಟ್ಟೆಯ ಚೀಲ. "ಅಮ್ಮಾ, ಒಂದು ಹೊಲದು ಕೊಡ್ರಿ" ಎಂದು ಕೇಳಿದರು. ಹೀರಾಬಾಯಿ ಹೊಲಿದು ಕೊಟ್ಟರು. ಹೇಗೆ ಹೊಲಿದರು? ಜೋಳದ ಕಾಳಿನ ಹೊಲಿಗೆ! ತಮ್ಮ ಹೊಲಿಗೆ! ಅದನ್ನು ನೋಡಿ ಇನ್ನೊಬ್ಬರು ಬಂದರು. ಜಿಡಗಾದ ಮಠಕ್ಕೆ ನಡೆದುಕೊಳ್ಳುವವರು ವಚನದ ಓಲೆಗಳ ಕಟ್ಟಿಗೆ ಸುತ್ತುವ ವಸ್ತ್ರ ಬೇಕೆಂದು ಬಂದರು. ಆಮೇಲೆ ಇಬ್ಬರೂ ಸೇರಿ ಒಂದು ಹೊಸ ಕೆಲಸ ಸುರು ಮಾಡಿದರು. ಅರ್ಫಾತ ಭಾಯಿ ಖಾಲಿ ಹಾಳೆ ಹೊಲಿದು ಪುಸ್ತಕ ಕಟ್ಟುವುದು, ಅದರ ರಟ್ಟಿಗೆ ಹೀರಾಬಾಯಿ ಬಟ್ಟೆ ತೊಡಿಸುವುದು. ಅವರ ಅಂಗಡಿಯ ಒಂದು ಹಲಗೆಯ ಮೇಲೆ ಆ ಪುಸ್ತಕಗಳು ಇರುತ್ತಿದ್ದವು. ಕೊಳ್ಳುವವರು ಯಾರು ಮಾಡಿದ್ದು ಎಂದು ಕೇಳಿದರೆ, "ಹೀರಾಬಾಯಿ ಅಂತ, ಅಫಜಲಪುರದಾಕಿ" ಎಂದು ಅರ್ಫಾತ ಭಾಯಿ ಹೇಳುತ್ತಿದ್ದರು. ಅದನ್ನು ಕೇಳಲಿಕ್ಕೆಂದೇ ಹೀರಾಬಾಯಿ ಅಲ್ಲಿ ಹೋಗಿ ಒಂದು ಮೂಲೆಯಲ್ಲಿ ಚಹಾ ಕುಡಿಯುತ್ತ ಕೂಡುತ್ತಿದ್ದರು. ತಾವು ಯಾರೆಂದು ಹೇಳಿಕೊಳ್ಳುತ್ತಿರಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಎಷ್ಟು ಸುಖ ಇತ್ತು ಆ ಮುಖದಲ್ಲಿ, ನೋಡಿದವರಿಗೇ ಗೊತ್ತು.

ಮಂಜರಿ ತಾಯಿ, ನೀವು ಒಮ್ಮೆ ಆ ಪುಸ್ತಕ ನೋಡಿದಿರಿ. ಮೆಚ್ಚಿದಿರಿ. ಎದೆಗೆ ಒತ್ತಿಕೊಂಡಿರಿ. "ಮಸ್ತ ಅದ! ಇದಕ್ಕೂ ಕಸ್ತೂರಿಬಾಯಿ ಚೀಟಿ ಹಚ್ಚಿ ಕಳಸ್ರಿ" ಎಂದಿರಿ. ನಿಮ್ಮ ತಪ್ಪಿಲ್ಲ. ಗೊತ್ತಿದ್ದರೆ ತಾನೇ?

ಹೀರಾಬಾಯಿ ಹ್ಞೂಂ ಅಂದರು. ಆ ದಿನವೇ ಅರ್ಫಾತ ಭಾಯಿಯ ಅಂಗಡಿಗೆ ಹೋಗಿ ಉಳಿದ ಬಟ್ಟೆ, ದಾರ, ಅಂಟಿನ ಬಟ್ಟಲು ಎಲ್ಲ ಒಪ್ಪಿಸಿ ಬಂದರು. "ಇನ್ನ ಆಗಂಗಿಲ್ಲೋ ತಮ್ಮ, ಬೆರಳ ನೋಯ್ತಾವ" ಎಂದರು. ಬೆರಳು ನೋಯುತ್ತಿರಲಿಲ್ಲ. ಅವತ್ತಿನಿಂದ ಒಂದೇ ಒಂದು ಪುಸ್ತಕಕ್ಕೂ ಅವರು ಬಟ್ಟೆ ತೊಡಿಸಲಿಲ್ಲ. ಜೋಳದ ಕಾಳಿನ ಹೊಲಿಗೆಯನ್ನು ನಾನು ಮತ್ತೆ ನೋಡಲಿಲ್ಲ. — ಕ್ಷಮಿಸಿ. ಒಂದು ಗುಟುಕು ನೀರು ಕುಡಿಯುತ್ತೇನೆ.

ಹೂಂ. ಹಾಗಾದರೆ ಅವರು ಹೇಳಲು ಪ್ರಯತ್ನ ಪಡಲಿಲ್ಲವೇ? ಪಟ್ಟರು. ಯಾರನ್ನೂ ಕೇಳದೆ ಪುಣೆಗೆ ಹೊರಟರು. ಜೊತೆಗೆ ನಾನು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ. "ಮಂಜರಿ, ನಾ ಕಸ್ತೂರಿಬಾಯಿ ಅಲ್ಲವ್ವ, ನಾ ಹೀರಾಬಾಯಿ. ಸಿಟ್ಟ ಮಾಡ್ಕೋಬ್ಯಾಡ." ಸರಿ ಇದೆಯಾ ಎಂದು ನನ್ನನ್ನು ಕೇಳುವುದು, ಮತ್ತೆ ಹೇಳುವುದು. ಎದುರು ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ನಿಮ್ಮ ಮನೆ ಮುಟ್ಟಿದರೆ ಬಾಗಿಲಿಗೆ ತೋರಣ. ಒಳಗೆ ತೊಟ್ಟಿಲು. ಕೂಸಿಗೆ ಅಂದೇ ಹೆಸರಿಡುವುದು. ನಮ್ಮನ್ನು ನೋಡಿ ನಿಮಗೆ ಆದ ಸಂತೋಷ ಇದೆಯಲ್ಲ, ತಾಯಿ, ನನಗಿನ್ನೂ ಕಣ್ಣಿಗೆ ಕಟ್ಟಿದೆ. "ದೇವರೇ ಕಳಸ್ಯಾನ! ಅಜ್ಜಿ, ಕೂಸಿಗಿ ನಿಮ್ಮದೇ ನಾವ, ನಿಮ್ಮ ಹೆಸರ ಇಡಾಕತ್ತೇನಿ. ನೀವೇ ಕಿವ್ಯಾಗ ಹೇಳ್ಬೇಕು" ಎಂದಿರಿ. ಕೂಸನ್ನು ಅವರ ಉಡಿಯಲ್ಲಿ ಹಾಕಿದಿರಿ. ಹೆಂಗಸರೆಲ್ಲ ಸುತ್ತ ನಿಂತರು. ಕಿವಿಯಲ್ಲಿ ಹೆಸರು ಹೇಳಿದವರ ಬೆನ್ನಿಗೆ ಗುದ್ದುವ ಪದ್ಧತಿ ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ಎಲ್ಲರೂ ಕೈ ಎತ್ತಿಕೊಂಡು ಕಾಯುತ್ತಿದ್ದಾರೆ. ಹೀರಾಬಾಯಿ ನನ್ನ ಕಡೆ ಒಮ್ಮೆ ನೋಡಿದರು. ಅತ್ತ ದರಿ, ಇತ್ತ ಪುಲಿ. ಬಗ್ಗಿ ಕೂಸಿನ ಕಿವಿಯಲ್ಲಿ ಹೇಳಿದರು: ಕಸ್ತೂರಿ. ಧಬಧಬ ಗುದ್ದು ಬಿತ್ತು ಬೆನ್ನಿನ ಮೇಲೆ. ಎಲ್ಲರೂ ನಗುತ್ತಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. "ಹೇಳಲಿಲ್ಲಲ್ರಿ." ಅವರು ಕಿಟಕಿಯ ಕಡೆ ಮುಖ ಮಾಡಿ ಅಂದರು: "ಇನ್ನ ಹ್ಯಾಂಗ ಹೇಳ್ಲಿಬೇ? ಈಗ ನಾ ಸುಳ್ಳ ಅಂದ್ರ ಆ ಕೂಸಿನ ಹೆಸರೂ ಸುಳ್ಳ ಆಗ್ತದ. ನಂದ ಹೋಗ್ಲಿ ಬಿಡು." ಆಮೇಲೆ ಆ ಮಾತನ್ನು ಅವರು ಎತ್ತಲೇ ಇಲ್ಲ.

ಕಡೆಯ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮನೆಯವರಿದ್ದಾರೆ. ಆಸ್ಪತ್ರೆಗೆ ಸೇರಿಸಲು ಕೇಂದ್ರದವರು ಓಡಿದ್ದರು. ಅವಸರ, ಬಾಯಿಗೆ ರೂಢಿಯಾದ ಹೆಸರನ್ನೇ ಕೊಟ್ಟುಬಿಟ್ಟಿದ್ದರು. ನರ್ಸು ಬಂದು "ಕಸ್ತೂರಿಬಾಯಿ!" ಎಂದು ಕೂಗಿದರು. ಅರ್ಧ ಪ್ರಜ್ಞೆಯಲ್ಲಿದ್ದ ಹೀರಾಬಾಯಿ "ಹ್ಞಾಂ" ಅಂದರು. ಅಂದುಬಿಟ್ಟರು! ಪಕ್ಕದಲ್ಲಿದ್ದ ಬಸವೇಶ್ವರಿ ಅಕ್ಕ ಕೇಳಿ ಚೀರಿದರು. "ಅತ್ತಿ, ಅದು ನೀವಲ್ರಿ! ಹ್ಞಾಂ ಅನಬ್ಯಾಡ್ರಿ, ಅದು ನೀವಲ್ಲ!" ಎಂದು ಅವರ ಭುಜ ಹಿಡಿದು ಅಲುಗಾಡಿಸಿದರು. ಸೊಸೆ ಹಾಗೆ ಮಾಡಿದ್ದಕ್ಕೆ ಅಲ್ಲಿದ್ದವರು ಬೈದರು. ನಾನು ಬೈಯಲಿಲ್ಲ. ಅತ್ತೆಯನ್ನು ಹೆಸರು ಹಿಡಿದು ಕರೆಯಬಾರದೆಂದು ಜೀವಮಾನವಿಡೀ ನಡೆದುಕೊಂಡ ಆ ಅಕ್ಕ, ಅವತ್ತು ಕಿವಿಯ ಹತ್ತಿರ ಬಾಗಿ ಹೀರಾಬಾಯಿ, ಹೀರಾಬಾಯಿ, ಹೀರಾಬಾಯಿ ಎಂದು ಕರೆದರು. ಅವರು ಕಣ್ಣು ತೆರೆಯಲಿಲ್ಲ. ಕೇಳಿಸಿತೋ ಇಲ್ಲವೋ, ಶಿವನೇ ಬಲ್ಲ.

ಈಗ ನನ್ನ ಮಾತು.

ನನಗೆ ಹೆದರಿಕೆ ಆಗುತ್ತಿದೆ. ಇಷ್ಟು ಜೋರು ಮಾತಾಡುತ್ತಿದ್ದೇನೆ ಎಂದು ಧೈರ್ಯಸ್ಥೆ ಎಂದುಕೊಳ್ಳಬೇಡಿ. ನಿನ್ನೆ ಸಂಜೆ ನಮ್ಮ ರುಕ್ಮಿಣಿಬಾಯಿ ನನ್ನನ್ನು ಕೂರಿಸಿಕೊಂಡು ಕೇಳಿದರು: "ಹೆಸರ ಉಣ್ತೀ ಏನಬೇ? ನಾಳಿ ಪುಣೆದಾಕಿ ಸಿಟ್ಟಾಗಿ ಹೋದ್ರ ನಮ್ಮ ಗತಿ ಏನು? ಶಾಲ ಹೊದ್ಕೊಂಡು ಕುಂದ್ರು. ಹೀರಾಬಾಯಿ ಕುಂದರಲಿಲ್ಲೇನು?" ರುಕ್ಮಿಣಿಬಾಯಿ ಕೆಟ್ಟವರಲ್ಲ. ಗಂಡ ಹಾಸಿಗೆ ಹಿಡಿದಿದ್ದಾನೆ, ಇದೇ ಸೂಜಿಯಲ್ಲಿ ಮನೆ ನಡೆಯುತ್ತದೆ. ರುಕ್ಮಿಣಕ್ಕ, ಅಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದೀರಿ, ನನಗೆ ಕಾಣುತ್ತಿದೆ. ನಾನು ನಿಮ್ಮ ತಟ್ಟೆಗೆ ಮಣ್ಣು ಹಾಕುತ್ತಿದ್ದೇನೋ ಏನೋ. ರಾತ್ರಿಯೆಲ್ಲ ಅದೇ ಯೋಚನೆ ಮಾಡಿ, ಸರಿ, ಶಾಲು ಹೊದ್ದುಕೊಂಡೇ ಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬೆಳಿಗ್ಗೆ ಇಲ್ಲಿಗೆ ಬಂದೆ. ನಾಲ್ಕು ಒಳ್ಳೆಯ ಮಾತು ತಯಾರು ಮಾಡಿಕೊಂಡಿದ್ದೆ ಕೂಡ.

ಆದರೆ ಬೆಳಿಗ್ಗೆ ಖಜೂರಿಯ ಬಸ್ಸಿನಲ್ಲಿ ಒಬ್ಬರು ಬಂದರು. ಮಗಳ ಕೈ ಹಿಡಿದುಕೊಂಡು ಇಲ್ಲಿಯ ಮೆಟ್ಟಿಲು ತಡವುತ್ತ ಹತ್ತಿದರು. ಗೆಳತಿಯ ಸುದ್ದಿ ಕೇಳಿ ಬಂದವರು. ಬಾಗಿಲಲ್ಲಿದ್ದ ಸೃಷ್ಟಿಗೆ, "ಗ್ವಾಡಿ ಮ್ಯಾಲ ಏನೋ ದೊಡ್ಡದು ಕಾಣ್ತದಲ್ಲವ್ವ, ಏನ ಬರದಾರ ಓದು" ಎಂದರು. ಸೃಷ್ಟಿ ಓದಿದಳು.

ಅವರು, "ಅಯ್ಯ ಶಿವನ, ನಾ ಯಾವಾಗ ಸತ್ತೆ?" ಎಂದರು.

ಹತ್ತಿರವಿದ್ದವರು ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ. ಒಂದು ವಿಷಯ ಹೇಳಿದರು. ಖಜೂರಿಯಲ್ಲಿ, ಇರುವ ಅರ್ಧ ಕಣ್ಣಿನಲ್ಲೇ ಒಂದು ಕೌದಿ ಹೊಲಿದು ಹೊರಗೆ ಒಣಹಾಕಿದ್ದರಂತೆ. ಆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಕಾರಿನವರು ನಿಲ್ಲಿಸಿ, ಮುಟ್ಟಿ ನೋಡಿ, "ಇದು ಕಸ್ತೂರಿಬಾಯಿ ಕೌದಿ ನಕಲು. ಅಸಲಿಗೆ ಚೀಟಿ ಇರ್ತದ" ಎಂದು ಹೇಳಿ ಹೋದರಂತೆ. "ನನ್ನ ಕೈಲೆ ಹೊಲದ ಕೌದಿ ನಕಲಿ ಆತು. ಹೀರಾನ ಹೆಸರ ನೀರಾಗ ಹೋತು. ಬಟ್ಟಿ ಹಾಳ ಮಾಡಬ್ಯಾಡ್ರಿ ಅಂದಿದ್ದೆ, ಬಾಳ ಹಾಳ ಮಾಡ್ಕೋರಿ ಅಂದಿದ್ದಿಲ್ಲ" ಎಂದರು. ಆಮೇಲೆ ಕೇಳಿದರು: "ಹೀರಾ ಎಲ್ಲಿ? ಹೀರಾನ ಹೆಸರ ಎಲ್ಲಿ ಬರದೀರಿ?"

ತಯಾರು ಮಾಡಿದ್ದ ಆ ನಾಲ್ಕು ಮಾತನ್ನು ನಾನು ಅಲ್ಲೇ ಬಿಟ್ಟೆ.

ಅವರು ಈಗಲೂ ಈ ಸಭೆಯಲ್ಲಿದ್ದಾರೆ. ಮುಂದೆ ಕೂತರೆ ಮಂಜರಿ ತಾಯಿಯ ಕಣ್ಣಿಗೆ ಬೀಳುತ್ತಾರೆಂದು ಆ ಕಂಬದ ಹಿಂದೆ ಕುರ್ಚಿ ಹಾಕಿ ಕೂರಿಸಿದ್ದಾರೆ. ಬದುಕಿರುವವರ ಹೆಸರಿಗೆ ಹಾರ ಹಾಕಿ, ಬದುಕಿರುವವರನ್ನು ಕಂಬದ ಹಿಂದೆ ಇಟ್ಟು, ಸತ್ತವರ ಹೆಸರನ್ನು ಬಾಯಿಗೇ ತರದೆ ನಾವು ಶ್ರದ್ಧಾಂಜಲಿ ಮಾಡುತ್ತಿದ್ದೇವೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಹೇಳಿ!

ಮಂಜರಿ ತಾಯಿ, ನಿಮ್ಮ ಮಗಳ ಹೆಸರು ಸುಳ್ಳಲ್ಲ. ಆ ಹೆಸರಿನವರು ಇದ್ದಾರೆ. ಅದನ್ನು ಕಿವಿಯಲ್ಲಿ ಹೇಳಿದವರು ಹೀರಾಬಾಯಿ, ಅಷ್ಟೇ ವ್ಯತ್ಯಾಸ. ನಾಳೆ ನೀವು ಆರ್ಡರ್ ಕೊಡುತ್ತೀರೋ ಬಿಡುತ್ತೀರೋ, ಈ ಅಕ್ಕತಂಗಿಯರು ನನ್ನನ್ನು ಕೇಂದ್ರದೊಳಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ, ಒಂದೂ ಗೊತ್ತಿಲ್ಲ. ನನಗೆ ಹಿಂದೆ ಹೋಗಲು ದಾರಿ ಇಲ್ಲ, ಮುಂದೆ ಏನಿದೆಯೋ ಕಾಣುತ್ತಿಲ್ಲ. ಇಲ್ಲಿ, ಈ ಮೈಕಿನ ಮುಂದೆ, ಇಷ್ಟು ಜಾಗ ಇದೆ. ಇಷ್ಟರಲ್ಲಿ ಮಾಡಬಹುದಾದ್ದನ್ನು ಮಾಡುತ್ತೇನೆ.

ನಮ್ಮ ಪದ್ಧತಿಯಂತೆ ಈಗ ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕು. ಆದರೆ ಇನ್ನೂ ಏಳಬೇಡಿ. ಸ್ವಲ್ಪ ತಡೆಯಿರಿ. ಎಲ್ಲರೂ ಕೂತೇ ಇರಿ.

ಮೊದಲು ಕಸ್ತೂರಿಬಾಯಿ ಒಬ್ಬರೇ ಎದ್ದು ನಿಲ್ಲಲಿ.

ಕಸ್ತೂರವ್ವ, ಏಳ್ರಿ. ಮಗಳ ಭುಜ ಹಿಡ್ಕೋರಿ. ಕಂಬ ಬಿಟ್ಟು ಈಚೆ ಬರ್ರಿ — ಇನ್ನ ಜರಾ — ಹಾಂ, ಅಲ್ಲೇ.

ಮಂಜರಿ ತಾಯಿ, ಹಿಂದೆ ತಿರುಗಿ ನೋಡಿ. ಎಲ್ಲರೂ ನೋಡಿ. ಕಸ್ತೂರಿಬಾಯಿ ಸತ್ತಿಲ್ಲ.

ಸತ್ತವರು ಹೀರಾಬಾಯಿ. ಗುರುಶಾಂತನ ತಾಯಿ, ಬಸವೇಶ್ವರಿಯ ಅತ್ತೆ, ಸೃಷ್ಟಿಯ ಅಜ್ಜಿ, ನನ್ನ ಗುರು. ಈಗ ಏಳಿ. ಏಳಿ ಎಲ್ಲರೂ. ಹೀರಾಬಾಯಿಗಾಗಿ ಏಳಿ.